ಹೆಸರಿಗೊಂದು ಕಾವಲು

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ’ ಎಂಬ ಗಾದೆಯನ್ನು ಕೇಳದವರು ಕನ್ನಡನಾಡಿನಲ್ಲಿ ವಿರಳ. ಹೆಸರು ದೊಡ್ಡದು, ಅದರ ಹಿಂದೆ ಏನೂ ಇಲ್ಲ ಎಂಬುದನ್ನು ಇದಕ್ಕಿಂತ ಸೊಗಸಾಗಿ ಹೇಳುವುದು ಕಷ್ಟವೇ ಸರಿ. ಆದರೆ ಇದರ ವಿಲೋಮವೂ ಒಂದುಂಟು. ಭಟ್ಟರ ಮನೆಯ ತುಂಬ ಹಾಲಿನ ಕೊಡಗಳಿವೆ, ಒಲೆ ಉರಿಯುತ್ತಿದೆ, ಎಲೆ ಹಾಕಿ ಬಡಿಸುವವರು ಸಿದ್ಧರಾಗಿ ನಿಂತಿದ್ದಾರೆ. ಆದರೆ ಅವರ ಹೆಸರನ್ನು ಹೇಳಿ ‘ಮನೆ ಎಲ್ಲಿ?’ ಎಂದು ಕೇಳಿದರೆ ಊರಿನಲ್ಲಿ ಯಾರಿಗೂ ತಿಳಿಯದು. ಬಂದ ಅತಿಥಿಗಳೆಲ್ಲ ಬೀದಿ ಬೀದಿ ಅಲೆದು ಹಸಿದ ಹೊಟ್ಟೆಯಲ್ಲೇ ಹಿಂದಿರುಗುವರು. ಅಂತರಜಾಲದ ಲೋಕದಲ್ಲಿ ಈ ಎರಡನೆಯ ಬಗೆಯ ವಿಪತ್ತು ಸಂಭವಿಸುವುದುಂಟು; ದೊಡ್ಡವರಿಗೂ ಸಂಭವಿಸಿದೆ.

೨೦೦೧ನೆಯ ಇಸವಿ ಜನವರಿ ೨೩ರ ಸಂಜೆ ಅಮೆರಿಕೆಯ ಮೈಕ್ರೋಸಾಫ್ಟ್ ಸಂಸ್ಥೆಗೆ ಒದಗಿದುದು ಇಂಥದೇ ಪಾಡು. ಸಂಸ್ಥೆಯ ತಂತ್ರಜ್ಞನೊಬ್ಬ ರೂಟರುಗಳ ಏರ್ಪಾಟಿನಲ್ಲಿ ಒಂದು ಬದಲಾವಣೆ ಮಾಡಿದ. ರೂಟರ್ ಎಂದರೆ ಜಾಲದ ಕೂಡುದಾರಿಯಲ್ಲಿ ನಿಂತು ಬಂದವರಿಗೆ ದಿಕ್ಕು ತೋರುವ ಪೋಲೀಸಿನವನಂಥ ಯಂತ್ರ. ಮಾಡಿದ ಬದಲಾವಣೆ ತಪ್ಪಾಗಿತ್ತು. ಆ ರೂಟರುಗಳ ಹಿಂದೆ ಸಂಸ್ಥೆಯ ಹೆಸರುಗಳನ್ನು ಕಾಯುವ ನಾಲ್ಕು ಯಂತ್ರಗಳಿದ್ದವು. ನಾಲ್ಕೂ ಜಾಲದ ಒಂದೇ ತುಂಡಿನಲ್ಲಿ, ಒಂದೇ ಬಾಗಿಲಿನ ಒಳಗೆ. ಬಾಗಿಲು ಮುಚ್ಚಿತು. ಪುಟಗಳನ್ನು ಬಡಿಸುವ ಯಂತ್ರಗಳೆಲ್ಲ ಕ್ಷೇಮವಾಗಿದ್ದವು. ಆದರೆ ಮೈಕ್ರೋಸಾಫ್ಟ್ ತಾಣವೂ, ಎಂ.ಎಸ್.ಎನ್., ಎಕ್ಸ್‌ಪೀಡಿಯ ಮೊದಲಾದ ಸೋದರತಾಣಗಳೂ ೨೨ ಗಂಟೆಗೂ ಮೇಲ್ಪಟ್ಟು ಬಹುಮಂದಿಗೆ ಕಾಣದೆ ಹೋದವು. ಲೋಕಕ್ಕೆಲ್ಲ ಕಂಪ್ಯೂಟರಿನ ಪಾಠ ಹೇಳುವ ಸಂಸ್ಥೆ ತನ್ನ ಮನೆಯ ವಿಳಾಸವನ್ನು ತಾನೇ ಹೇಳಲಾರದೆ ನಿಂತಿತು.

ಅಂಕಿಗಳ ಊರು

ಅಂತರಜಾಲದಲ್ಲಿ ಯಂತ್ರಗಳಿಗೆ ವಿಳಾಸವಿರುವುದು ಅಂಕಿಗಳಲ್ಲಿ. ೨೦೩.೦.೧೧೩.೧೦ ಎಂಬಂತೆ ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕೆ. ಪ್ರತಿಯೊಂದು ಸಂಖ್ಯೆಯೂ ೦ಯಿಂದ ೨೫೫ರವರೆಗೆ ಇರಬಹುದು. ಇದಕ್ಕಿಂತ ಬಹಳ ಉದ್ದವಾದ ಇನ್ನೊಂದು ಬಗೆಯೂ ಬಳಕೆಗೆ ಬಂದಿದೆ. ಅದರ ಗೋಜು ಇಲ್ಲಿ ಬೇಡ. ಯಂತ್ರಕ್ಕೆ ಅಂಕಿ ಹಿತ, ಮನುಷ್ಯನಿಗೆ ಹೆಸರು ಹಿತ. ಬೆಂಗಳೂರಿನ ಬಡಾವಣೆಗಳಲ್ಲಿ ‘ನಾಲ್ಕನೆಯ ಮುಖ್ಯರಸ್ತೆ, ಹನ್ನೊಂದನೆಯ ಅಡ್ಡರಸ್ತೆ’ ಎಂದು ಹುಡುಕಿ ಬಳಲಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದುದರಿಂದ ಹೆಸರನ್ನು ಕೇಳಿ ಅಂಕಿಯನ್ನು ತಿಳಿಸುವ ಒಂದು ವ್ಯವಸ್ಥೆ ಬೇಕಾಯಿತು. ಅದಕ್ಕೆ ಡೊಮೇನ್ ನೇಮ್ ಸಿಸ್ಟಮ್, ಸಂಕ್ಷೇಪವಾಗಿ ಡಿ.ಎನ್.ಎಸ್. ಎಂದು ಹೆಸರು. ಜಾಲತಾಣದ ಪುಟಗಳನ್ನು ಬಡಿಸುವ ಯಂತ್ರ ವೆಬ್ ಸರ್ವರ್. ಆ ತಾಣ ಯಾವ ಅಂಕಿಯಲ್ಲಿದೆ ಎಂದು ಹೇಳುವ ಯಂತ್ರ ನೇಮ್ ಸರ್ವರ್. ಎರಡು ಬೇರೆ ಬೇರೆ ಉದ್ಯೋಗಗಳು. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ನಡೆಸಬಹುದು; ನಡೆಸಿದ ಮಾತ್ರಕ್ಕೆ ಎರಡೂ ಒಂದೇ ಆಗವು.

ಮೊದಮೊದಲು ಈ ಕೆಲಸಕ್ಕೆ ಪ್ರತ್ಯೇಕ ಯಂತ್ರವೇ ಇರಲಿಲ್ಲ. ಅಂತರಜಾಲದ ತಾಯಿ ಎನ್ನಬಹುದಾದ ಆರ್ಪಾನೆಟ್ ೧೯೭೦ರ ದಶಕದಲ್ಲಿ ಚಿಕ್ಕ ಸಂಸಾರ. ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿದ್ದ ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯ ಕಚೇರಿಯೊಂದು ಎಲ್ಲ ಯಂತ್ರಗಳ ಹೆಸರನ್ನೂ ಅಂಕಿಯನ್ನೂ ಒಂದೇ ಕಡತದಲ್ಲಿ ಬರೆದಿಡುತ್ತಿತ್ತು. ಹೊಸ ಯಂತ್ರ ತಂದವರು ಆ ಕಚೇರಿಗೆ ಬರೆದುಕೊಳ್ಳಬೇಕು; ವಾರಕ್ಕೆ ಒಂದೆರಡು ಸಲ ಕಡತ ಹೊಸದಾಗುವುದು; ಉಳಿದವರೆಲ್ಲ ಅದನ್ನು ತಮ್ಮ ತಮ್ಮ ಯಂತ್ರಕ್ಕೆ ಪ್ರತಿಮಾಡಿಕೊಳ್ಳುವರು. ಸಂಸಾರ ಬೆಳೆಯಿತು, ಕಡತ ಉಬ್ಬಿತು, ಪ್ರತಿಮಾಡಿಕೊಳ್ಳುವವರ ನೂಕುನುಗ್ಗಲಾಯಿತು.

೧೯೮೩ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಮೊಕಾಪೆಟ್ರಿಸ್, ತಮ್ಮ ಹಿರಿಯ ಸಹೋದ್ಯೋಗಿ ಜಾನ್ ಪೋಸ್ಟೆಲ್ಲರ ಸೂಚನೆಯಂತೆ, ಈ ತೊಡಕಿಗೆ ಒಂದು ಪರಿಹಾರವನ್ನು ಮುಂದಿಟ್ಟರು. ಅದರ ತಿರುಳು ನಮ್ಮವರಿಗೆ ಹೊಸದಲ್ಲ. ಹಿಂದಿನ ಕಾಲದಲ್ಲಿ ರಾಜಧಾನಿಯ ದಫ್ತರದಲ್ಲಿ ಪ್ರತಿ ಹಳ್ಳಿಯ ಪ್ರತಿ ಹೊಲದ ಲೆಕ್ಕ ಇರುತ್ತಿತ್ತೇ? ಹಳ್ಳಿಯ ಲೆಕ್ಕ ಶ್ಯಾನುಭೋಗನಲ್ಲಿ. ಶ್ಯಾನುಭೋಗ ಯಾರೆಂಬುದು ಮಾತ್ರ ತಾಲ್ಲೂಕಿಗೆ ಗೊತ್ತು. ತಾಲ್ಲೂಕಿನ ಅಮಲ್ದಾರ ಯಾರೆಂಬುದು ಮೇಲಿನವರಿಗೆ ಗೊತ್ತು. ಡಿ.ಎನ್.ಎಸ್. ನಡೆಯುವುದೂ ಹೀಗೆಯೇ. ಮರುವರ್ಷವೇ, ಎಂದರೆ ೧೯೮೪ರಲ್ಲಿ, ಬರ್ಕಲಿಯ ನಾಲ್ವರು ವಿದ್ಯಾರ್ಥಿಗಳು ಇದಕ್ಕಾಗಿ ‘ಬೈಂಡ್’ ಎಂಬ ತಂತ್ರಾಂಶವನ್ನು ಬರೆದರು. ಅದರ ಹೊಸ ಹೊಸ ಆವೃತ್ತಿಗಳು ಈಗಲೂ ಬಳಕೆಯಲ್ಲಿವೆ, ಬೆಲೆಯಿಲ್ಲದೆ ದೊರೆಯುತ್ತವೆ. ಹೀಗಾಗಿ ತನ್ನ ಹೆಸರಿನ ಶ್ಯಾನುಭೋಗಿಕೆಯನ್ನು ಯಾರು ಬೇಕಾದರೂ ತಾನೇ ವಹಿಸಿಕೊಳ್ಳಬಹುದಾಗಿದೆ.

ಹೆಸರನ್ನು ಓದುವ ಕ್ರಮ ಮಾತ್ರ ಬಲದಿಂದ ಎಡಕ್ಕೆ. ಲಕೋಟೆಯ ಮೇಲಿನ ವಿಳಾಸವನ್ನು ಅಂಚೆಯವರು ಕೊನೆಯ ಸಾಲಿನಿಂದ ಓದುವುದಿಲ್ಲವೇ, ಹಾಗೆ. ‘ಪುಸ್ತಕ.ಶಾಲೆ.ಭಾರತ’ ಎಂಬ ಹೆಸರನ್ನು ಕಲ್ಪಿಸಿಕೊಳ್ಳೋಣ. (ಕನ್ನಡ ಲಿಪಿಯ ‘.ಭಾರತ’ ಕಲ್ಪನೆಯಲ್ಲ, ನಿಜವಾಗಿಯೂ ಇದೆ. ಒಳಗೊಳಗೆ ಅದು ರೋಮನ್ ಅಕ್ಷರಗಳ ಒಂದು ಸಂಕೇತವಾಗಿ ಸಂಚರಿಸುತ್ತದೆ ಎಂಬುದು ಕನ್ನಡಿಗರಿಗೆ ಸ್ವಲ್ಪ ಬೇಸರದ ಸಂಗತಿ. ಆದರೆ ಹೊರಗೆ ಕಾಣುವುದು ಕನ್ನಡವೇ.) ನಮ್ಮ ಪರವಾಗಿ ಹುಡುಕುವ ಯಂತ್ರ ಮೊದಲು ‘ಮೂಲ’ ಸರ್ವರನ್ನು ಕೇಳುವುದು. ಇವು ೧೩ ಹೆಸರುಗಳಲ್ಲಿ, ಲೋಕದ ಸಾವಿರಕ್ಕೂ ಮಿಕ್ಕ ಕಡೆಗಳಲ್ಲಿ ನಿಂತಿವೆ. ಅವು ‘ಭಾರತ’ದ ಕಾವಲುಗಾರನನ್ನು ತೋರಿಸುತ್ತವೆ, ಅವನು ‘ಶಾಲೆ’ಯ ಕಾವಲುಗಾರನನ್ನು, ಕೊನೆಗೆ ಅವನು ಅಂಕಿಯನ್ನು ಹೇಳುತ್ತಾನೆ. ಹೇಳುವಾಗ ‘ಇಷ್ಟು ಹೊತ್ತು ಇದನ್ನು ನೆನಪಿನಲ್ಲಿಡು’ ಎಂಬ ಅವಧಿಯನ್ನೂ ಸೇರಿಸುತ್ತಾನೆ. ಈ ನೆನಪು ಇರುವುದರಿಂದಲೇ ಇಡೀ ಏರ್ಪಾಟು ಕುಸಿಯದೆ ನಿಂತಿದೆ. ಇಷ್ಟು ಓಡಾಟವೂ ನಡೆಯುವುದು ಕಣ್ಣೆವೆಯಿಕ್ಕುವುದರೊಳಗೆ.

‘ಮನೆಯೇ ಕತ್ತಲಾದ ಮೇಲೆ...’

ಈಚಿನ ವರ್ಷಗಳಲ್ಲಿ ಮನೆಯಲ್ಲಿಯೇ ಒಂದು ಚಿಕ್ಕ ಯಂತ್ರವನ್ನಿಟ್ಟು ತಮ್ಮ ಜಾಲತಾಣವನ್ನು ತಾವೇ ನಡೆಸುವ ಹವ್ಯಾಸಿಗಳು ನಮ್ಮಲ್ಲೂ ಇದ್ದಾರೆ. ಹಿತ್ತಲಲ್ಲಿ ತರಕಾರಿ ಬೆಳೆದುಕೊಂಡಂತೆ, ಅದರಲ್ಲಿ ಒಂದು ಅಭಿಮಾನವುಂಟು. ಅದನ್ನು ಹಳಿಯುವವನು ನಾನಲ್ಲ. ಮಲೆನಾಡಿನ ಊರೊಂದರಲ್ಲಿ ಭೌತಶಾಸ್ತ್ರ ಬೋಧಿಸುವ ನನ್ನ ಹಿರಿಯ ಮಿತ್ರರೊಬ್ಬರು ಇಂಥ ಒಬ್ಬರು. ಊರಿನ ಚಿಕ್ಕ ವಿಜ್ಞಾನ ಸಂಘಕ್ಕಾಗಿ ಒಂದು ಹೆಸರನ್ನು ಕೊಂಡು, ಬದಲಾಗದ ಅಂಕಿಯೊಂದನ್ನು ಹಣ ತೆತ್ತು ಪಡೆದು, ಪುಸ್ತಕದ ಬೀರುವಿನ ಮೇಲೆ ಒಂದು ಪೆಟ್ಟಿಗೆ ಇಟ್ಟರು. ಅದೇ ವೆಬ್ ಸರ್ವರ್, ಅದೇ ನೇಮ್ ಸರ್ವರ್. ಸಂಘದ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಮಿಂಚಂಚೆಯ ವಿಳಾಸಗಳನ್ನೂ ಕೊಟ್ಟರು. ಅಂಚೆಯ ಪೆಟ್ಟಿಗೆಯನ್ನು ಮಾತ್ರ ದೂರದ ನಗರದ ಒಂದು ಸಂಸ್ಥೆಗೆ ಒಪ್ಪಿಸಿದ್ದರು. ಅದನ್ನು ಮನೆಯಲ್ಲಿ ನಡೆಸುವುದು ತಲೆನೋವೆಂದು ಅವರಿಗೆ ಗೊತ್ತಿತ್ತು.

ನೇಮ್ ಸರ್ವರಿಗೆ ಬೇರೊಂದು ಕಡೆ ಜೊತೆಯಿರಬೇಡವೇ ಎಂದು ನಾನು ಕೇಳಿದಾಗ ಅವರು ನಕ್ಕರು. “ಅಲ್ರೀ ಮೇಷ್ಟ್ರೇ, ಮನೆಯೇ ಕತ್ತಲಾದ ಮೇಲೆ ವಿಳಾಸ ಒಂದನ್ನ ಇಟ್ಕೊಂಡು ಏನ್ರೀ ಮಾಡೋದು? ಪೆಟ್ಟಿಗೆ ನಿಂತ್ರೆ ತಾಣ ನಿಲ್ಲುತ್ತೆ. ತಾಣಾನೇ ಇಲ್ಲ ಅಂದಾಗ ಅದರ ಅಂಕಿ ಯಾರಿಗೆ ಬೇಕು?”

ಮೇಲುನೋಟಕ್ಕೆ ಈ ವಾದ ಅಚ್ಚುಕಟ್ಟಾಗಿದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಡುವ ಬಹುಮಂದಿ ಹೇಳುವುದೂ ಇದನ್ನೇ. ಅದಕ್ಕೆ ಉತ್ತರ ಆ ವರ್ಷದ ಆಷಾಢದಲ್ಲಿ ಬಂತು. ಮಳೆ ಹಿಡಿಯಿತು, ಮರ ಬಿದ್ದು ವಿದ್ಯುತ್ತಿನ ತಂತಿ ಕಡಿಯಿತು, ಮೂರು ದಿನ ಊರಿಗೆ ಊರೇ ಕತ್ತಲು. ತಾಣದ ಪುಟಗಳನ್ನು ಮೂರು ದಿನ ಯಾರೂ ಓದದಿದ್ದರೆ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಅವರ ವಿದ್ಯಾರ್ಥಿನಿಯೊಬ್ಬಳು ಹೊರ ರಾಜ್ಯದ ಸಂಸ್ಥೆಯೊಂದರ ಸಂಶೋಧನ ವೇತನಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆ ಬಂದುದು ಆ ಮೂರು ದಿನಗಳಲ್ಲಿ. ೪೮ ಗಂಟೆಗಳೊಳಗೆ ಒಪ್ಪಿಗೆ ತಿಳಿಸಬೇಕೆಂದು ಅದರಲ್ಲಿ ಬರೆದಿತ್ತು. ಆಕೆಯ ಅಂಚೆಯ ಪೆಟ್ಟಿಗೆ ದೂರದ ನಗರದಲ್ಲಿ ಕ್ಷೇಮವಾಗಿ ತೆರೆದುಕೊಂಡಿತ್ತು. ಆದರೆ ‘ಈ ಹೆಸರಿನವರ ಅಂಚೆಯನ್ನು ಆ ನಗರಕ್ಕೆ ಕಳುಹಿಸಿ’ ಎಂದು ಹೇಳಬೇಕಾದ ಶ್ಯಾನುಭೋಗ ಮಲೆನಾಡಿನ ಕತ್ತಲಲ್ಲಿ, ಬೀರುವಿನ ಮೇಲೆ, ಮೂಕನಾಗಿ ಕುಳಿತಿದ್ದ. ಕಳುಹಿಸಿದ ಯಂತ್ರ ಕೇಳಿತು, ಉತ್ತರವಿಲ್ಲ. ಕಾಯ್ದು ಮತ್ತೆ ಕೇಳಿತು. ದೀಪ ಬಂದ ನಾಲ್ಕನೆಯ ದಿನ ಪತ್ರ ಅವಳ ಕೈಸೇರಿತು. ಗಡುವು ಕಳೆದಿತ್ತು. ಅವಳು ಬರೆದುಕೊಂಡ ಅರಿಕೆಗೆ ಸೌಜನ್ಯದ ಉತ್ತರವೇ ಬಂತು: ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿಕೊಳ್ಳಬಹುದು.

ಹೆಸರು ಎಂಬುದು ತಾಣವೊಂದರ ಸೊತ್ತಲ್ಲ. ಅದರ ಆಶ್ರಯದಲ್ಲಿ ಅಂಚೆ ಇದೆ, ಬೇರೆ ಊರಿನ ಬೇರೆ ಯಂತ್ರಗಳಿವೆ. ಇಷ್ಟೇ ಅಲ್ಲ. ಮನೆಯ ಪೆಟ್ಟಿಗೆ ಸುಟ್ಟೇ ಹೋದರೂ, ಹೆಸರಿನ ಕಾವಲುಗಾರ ಬೇರೆಡೆ ಬದುಕಿದ್ದರೆ, ‘ಇನ್ನುಮೇಲೆ ಈ ಅಂಕಿಗೆ ಹೋಗಿ’ ಎಂದು ಹೊಸ ಯಂತ್ರವೊಂದನ್ನು ತೋರಿಸಬಹುದು. ಅಲ್ಲಿ ‘ಎರಡು ದಿನದಲ್ಲಿ ಬರುತ್ತೇವೆ’ ಎಂಬ ಒಂದು ಸಾಲಿನ ಫಲಕವನ್ನಾದರೂ ತೂಗುಹಾಕಬಹುದು. ಬೀಗ ಹಾಕಿದ ಮನೆಯ ಮುಂದೆ ಚೀಟಿ ಅಂಟಿಸುವುದಕ್ಕೂ, ಮನೆಯೇ ಇಲ್ಲದಂತೆ ಮಾಯವಾಗುವುದಕ್ಕೂ ವ್ಯತ್ಯಾಸವಿದೆ. ಬಸವಣ್ಣನವರ ವಚನದಿಂದ ಕೂಡಲಸಂಗಮದೇವನ ಅಂಕಿತ ಅಳಿಸಿಹೋದರೆ ವಚನ ಉಳಿದೂ ಯಾರದೆಂದು ತಿಳಿಯದೆ ತಬ್ಬಲಿಯಾಗುವುದಷ್ಟೆ. ಕನ್ನಡ ಪಾಠ ಹೇಳುವವನಿಗೆ ಈ ಹೋಲಿಕೆಯೇ ಮೊದಲು ಹೊಳೆಯಿತು.

ಎರಡು ರುಮಾಲು, ಒಂದೇ ತಲೆ

ಪ್ರತಿ ಹೆಸರಿಗೂ ಕಡಿಮೆಯೆಂದರೆ ಎರಡು ನೇಮ್ ಸರ್ವರುಗಳಿರಬೇಕೆಂಬುದು ಮೊಕಾಪೆಟ್ರಿಸರು ಬರೆದಿಟ್ಟ ನಿಯಮ. ಹೆಸರನ್ನು ಮಾರುವವರೂ ಸಾಮಾನ್ಯವಾಗಿ ಎರಡನ್ನು ಕೇಳುತ್ತಾರೆ. ಆಗ ನಮ್ಮವರು ಮಾಡುವ ಉಪಾಯವೇನು? ಒಂದೇ ಪೆಟ್ಟಿಗೆಗೆ ಎರಡು ಹೆಸರು ಬರೆದುಕೊಡುವುದು! ಒಬ್ಬನೇ ಎರಡು ರುಮಾಲು ಸುತ್ತಿಕೊಂಡು ಎರಡು ಸಲ ಹಾಜರಿ ಹೇಳಿದಂತೆ. ನನ್ನ ಮಿತ್ರರೂ ಹೀಗೆಯೇ ಮಾಡಿದ್ದರು. ಹಾಜರಿ ಪುಸ್ತಕ ತುಂಬುವುದು ನಿಜ. ಆದರೆ ಅವನಿಗೆ ಜ್ವರ ಬಂದ ದಿನ ಇಬ್ಬರೂ ಗೈರುಹಾಜರು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಶಾಲೆ.ಭಾರತ’ದ ಕಾವಲುಗಾರನ ಹೆಸರೂ ‘ಕಾವಲು.ಶಾಲೆ.ಭಾರತ’ ಎಂದಿದ್ದರೆ, ಅವನ ಅಂಕಿಯನ್ನು ತಿಳಿಯಲು ಅವನನ್ನೇ ಕೇಳಬೇಕು; ಅವನನ್ನು ಕೇಳಲು ಅವನ ಅಂಕಿ ತಿಳಿದಿರಬೇಕು. ಶುದ್ಧ ಬೀಜವೃಕ್ಷನ್ಯಾಯ! ನೈಯಾಯಿಕರಾಗಿದ್ದರೆ ಇದರ ಮೇಲೆ ಒಂದು ಗ್ರಂಥವನ್ನೇ ಬರೆಯುತ್ತಿದ್ದರೇನೋ. ಜಾಲದವರು ಸುಲಭದ ದಾರಿ ಹಿಡಿದರು: ಆ ಒಂದು ಅಂಕಿಯನ್ನು ಮೇಲಿನ ‘ಭಾರತ’ದ ಕಡತದಲ್ಲಿಯೇ ಅಂಟಿಸಿಡುವುದು. ಅದಕ್ಕೆ ಅವರು ‘ಗೋಂದು’ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಸ್ವಂತ ನೇಮ್ ಸರ್ವರ್ ಇಡುವವರು ಈ ಗೋಂದಿನ ಚೀಟಿಯನ್ನು ತಮ್ಮ ಹೆಸರನ್ನು ಮಾರಿದವರ ಮೂಲಕ ಬರೆಸಬೇಕು. ಅಂಕಿ ಬದಲಾದರೆ ಅದನ್ನೂ ಬದಲಿಸಬೇಕು.

ಅಂತರಜಾಲದ ನಡವಳಿಕೆಗಳನ್ನು ತಿಳಿಸುವ ಆರ್.ಎಫ್.ಸಿ. ಎಂಬ ಪ್ರಕಟಣೆಗಳಲ್ಲಿ ೨೧೮೨ನೆಯದು ಈ ವಿಷಯಕ್ಕೇ ಮೀಸಲು. ೧೯೯೭ರ ಜುಲೈ ತಿಂಗಳಿನಷ್ಟು ಹಿಂದೆಯೇ ರಾಬರ್ಟ್ ಎಲ್ಜ್ ಮತ್ತು ಸಂಗಡಿಗರು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ನೇಮ್ ಸರ್ವರುಗಳನ್ನು ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ತಿನ ಮೇಲೆ, ಒಂದೇ ತಂತಿಯ ತುದಿಯಲ್ಲಿ ಇಡಬಾರದು, ಸಾಮಾನ್ಯ ಸಂಸ್ಥೆಗೆ ಮೂರು ಸಾಕು, ಆದರೆ ಒಂದಾದರೂ ಬಹುದೂರದಲ್ಲಿರಬೇಕು. ನನ್ನ ಮಿತ್ರರ ವಾದಕ್ಕೂ ಅದರಲ್ಲಿ ಉತ್ತರವಿದೆ. ಈ ಬುದ್ಧಿವಾದ ಅಚ್ಚಾಗಿ ಮೂರೂವರೆ ವರ್ಷದ ಮೇಲೆ ಮೈಕ್ರೋಸಾಫ್ಟಿನವರ ನಾಲ್ಕು ಯಂತ್ರಗಳು ಒಂದೇ ಬಾಗಿಲ ಹಿಂದೆ ಸಿಕ್ಕಿಬಿದ್ದವು. ಆ ಪೆಟ್ಟಿನ ತರುವಾಯ ಅವರು ಅಕಾಮಾಯ್ ಎಂಬ ಬೇರೆ ಸಂಸ್ಥೆಯ ಯಂತ್ರಗಳ ನೆರವು ಪಡೆದರು.

ದೂರ ದೂರ ಇಟ್ಟರೆ ಸಾಕೇ ಎಂದರೆ, ಅದೂ ಸಾಲದ ಸಂದರ್ಭವಿದೆ. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ೬ ಗಂಟೆಗಳ ಕಾಲ ಮೂಕವಾದುದು ವಾಚಕರಿಗೆ ನೆನಪಿರಬಹುದು. ಆ ಸಂಸ್ಥೆಯ ನೇಮ್ ಸರ್ವರುಗಳು ಹಲವು ಕಡೆ ಹಂಚಿಹೋಗಿದ್ದವು, ಕೆಟ್ಟೂ ಇರಲಿಲ್ಲ. ಆದರೆ ಅವುಗಳಿಗೊಂದು ಕಟ್ಟಪ್ಪಣೆಯಿತ್ತು: ‘ನಮ್ಮ ದೊಡ್ಡ ಕೇಂದ್ರಗಳೊಡನೆ ಮಾತು ನಿಂತಿತೆಂದರೆ, ನಿನ್ನ ಕಡೆಯೇ ದೋಷವೆಂದು ತಿಳಿದು ನೀನು ಹಿಂದೆ ಸರಿ.’ ಆ ದಿನ ದುರಸ್ತಿಯ ವೇಳೆ ಕೊಟ್ಟ ತಪ್ಪು ಆಜ್ಞೆಯೊಂದರಿಂದ ಕೇಂದ್ರಗಳ ನಡುವಣ ಬೆನ್ನೆಲುಬಿನ ಸಂಪರ್ಕವೇ ಕಡಿದುಹೋಯಿತು. ಎಲ್ಲ ಕಾವಲುಗಾರರೂ ಏಕಕಾಲದಲ್ಲಿ, ಪರಮ ವಿಧೇಯರಾಗಿ, ಹಿಂದೆ ಸರಿದರು. ಸರಿಪಡಿಸಲು ಬೇಕಾದ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದುದರಿಂದ ಎಂಜಿನಿಯರುಗಳು ಯಂತ್ರಗಳ ಬಳಿಗೆ ಖುದ್ದಾಗಿ ಹೋಗಬೇಕಾಯಿತು. ಊರು ಬೇರೆಯಾದರೂ ಬುದ್ಧಿ ಒಂದೇ ಆಗಿದ್ದರೆ ಆಗುವ ಪಾಡು ಇದು.

ಮುಯ್ಯಿ

ಹಾಗಾದರೆ ಬೀರುವಿನ ಮೇಲೆ ಒಂದು ಪೆಟ್ಟಿಗೆ ಇಟ್ಟ ಬಡ ಮೇಷ್ಟರು ಮಾಡಬೇಕಾದುದೇನು? ಹಣ ತೆತ್ತು ಕೊಳ್ಳುವ ಸೇವೆಗಳಿವೆ, ಪುಕ್ಕಟೆಯವೂ ಇವೆ. ಆದರೆ ನನಗೆ ಹೆಚ್ಚು ಹಿಡಿಸುವುದು ನಮ್ಮ ರೈತರ ಪದ್ಧತಿ. ನಾಟಿಯ ಕಾಲದಲ್ಲಿ ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಮುಯ್ಯಾಳಾಗಿ ದುಡಿಯುವುದಿಲ್ಲವೇ? ನೇಮ್ ಸರ್ವರಿನಲ್ಲೂ ಇದು ಸಾಧ್ಯ. ಬೇರೆ ಊರಿನಲ್ಲಿ ಇದೇ ಹವ್ಯಾಸದ ಸ್ನೇಹಿತರೊಬ್ಬರಿದ್ದರೆ, ಅವರ ಹೆಸರನ್ನು ನೀವು ಕಾಯಿರಿ, ನಿಮ್ಮದನ್ನು ಅವರು ಕಾಯಲಿ. ಲೆಕ್ಕದ ಮೂಲಪ್ರತಿ ನಿಮ್ಮಲ್ಲಿಯೇ ಉಳಿಯುತ್ತದೆ. ಅವರ ಯಂತ್ರ ಆಗಾಗ ಬಂದು ನಕಲು ಮಾಡಿಕೊಂಡು ಹೋಗುತ್ತದೆ. ನಿಮ್ಮ ಯಂತ್ರ ಕಣ್ಣುಮುಚ್ಚಿದರೂ ನಕಲು ಹಿಡಿದವನು, ನೀವು ಬರೆದಿಟ್ಟ ಅವಧಿಯವರೆಗೆ, ವಾರಗಟ್ಟಲೆಯಾದರೂ ಸರಿಯೆ, ಉತ್ತರ ಹೇಳುತ್ತಲೇ ಇರುತ್ತಾನೆ. ಯಂತ್ರ ದೊಡ್ಡದಿರಬೇಕಾಗಿಲ್ಲ, ಕೇಳುವ ಪ್ರಶ್ನೆಯೂ ಚಿಕ್ಕದು, ಹೇಳುವ ಉತ್ತರವೂ ಚಿಕ್ಕದು.

ನಕಲು ಮಾಡುವವನು ಬಂದಾಗ ಮೊದಲು ನೋಡುವುದು ಕಡತದ ತಲೆಯ ಮೇಲಿರುವ ಕ್ರಮಸಂಖ್ಯೆಯನ್ನು. ಅದು ಮುಂಚಿಗಿಂತ ಹೆಚ್ಚಾಗಿದ್ದರೆ ಮಾತ್ರ ನಕಲು. ಇಲ್ಲವಾದರೆ ‘ಏನೂ ಬದಲಾಗಿಲ್ಲ’ ಎಂದುಕೊಂಡು ಹಿಂದಿರುಗುವನು. ಒಳಗೆ ಅಂಕಿ ತಿದ್ದಿ ಕ್ರಮಸಂಖ್ಯೆಯನ್ನು ಏರಿಸಲು ಮರೆತರೆ ಒಬ್ಬ ಕಾವಲುಗಾರ ಹೊಸ ವಿಳಾಸವನ್ನೂ ಇನ್ನೊಬ್ಬ ಹಳೆಯದನ್ನೂ ಹೇಳುತ್ತ, ಅತಿಥಿಗಳಲ್ಲಿ ಅರ್ಧ ಮಂದಿ ಖಾಲಿ ಮನೆಯ ಬಾಗಿಲು ತಟ್ಟುವರು. ದಿನಾಂಕವನ್ನೇ ಕ್ರಮಸಂಖ್ಯೆಯಾಗಿ ಬರೆಯುವ ರೂಢಿ ಇದೆ, ಒಳ್ಳೆಯ ರೂಢಿ.

ಇದಕ್ಕಿಂತ ಸೂಕ್ಷ್ಮವಾದುದು ಚುಕ್ಕೆಯ ವಿಚಾರ. ಕಡತದಲ್ಲಿ ಪೂರ್ಣ ಹೆಸರನ್ನು ಬರೆದಾಗ ಕೊನೆಗೊಂದು ಚುಕ್ಕೆ ಇಡಬೇಕು. ಇಡದಿದ್ದರೆ ಹೆಸರು ಮುಗಿದಿಲ್ಲವೆಂದು ತಿಳಿದು ಯಂತ್ರ ಅದರ ಬಾಲಕ್ಕೆ ಊರಿನ ಹೆಸರನ್ನು ಮತ್ತೊಮ್ಮೆ ಅಂಟಿಸಿಬಿಡುತ್ತದೆ, ‘ಪುಸ್ತಕ.ಶಾಲೆ.ಭಾರತ’ವು ‘ಪುಸ್ತಕ.ಶಾಲೆ.ಭಾರತ.ಶಾಲೆ.ಭಾರತ’ವಾಗುತ್ತದೆ. ಹವ್ಯಾಸಿಗಳು ಮಾತ್ರ ಹೀಗೆ ಎಡವುವರೆಂದು ಭಾವಿಸಬೇಡಿ. ೨೦೦೯ರ ಅಕ್ಟೋಬರ್ ೧೨ರ ರಾತ್ರಿ ಸ್ವೀಡನ್ ದೇಶದ ‘.ಎಸ್‌ಇ’ ಕಡತವನ್ನು ಹೊಸದು ಮಾಡುವ ಕಾರ್ಯಕ್ರಮವು ಈ ಕೊನೆಯ ಚುಕ್ಕೆಯನ್ನು ಬಿಟ್ಟಿತು. ಸುಮಾರು ೯ ಲಕ್ಷ ಹೆಸರುಗಳು, ಎಂದರೆ ಇಡೀ ದೇಶದ ಪತ್ರಿಕೆ, ಅಂಗಡಿ, ಕಚೇರಿಗಳ ವಿಳಾಸಗಳು, ದಿಕ್ಕೆಟ್ಟವು. ಗಂಟೆಯೊಳಗೆ ಕಡತ ಸರಿಯಾಯಿತು. ಆದರೆ ಆಗಲೇ ತಪ್ಪನ್ನು ನೆನಪಿಟ್ಟುಕೊಂಡ ಯಂತ್ರಗಳು ಅದನ್ನು ಮರೆಯಲು ಮತ್ತಷ್ಟು ಹೊತ್ತು ಹಿಡಿಯಿತು. ಪೂರ್ಣವಿರಾಮ ಬಿಟ್ಟ ವಿದ್ಯಾರ್ಥಿಗೆ ಅರ್ಧ ಅಂಕ ಕಳೆಯುವ ಅಧ್ಯಾಪಕರನ್ನು ಬಯ್ಯುವವರು ಇದನ್ನು ಗಮನಿಸಬೇಕು.

ಇನ್ನೊಂದು ಎಚ್ಚರಿಕೆ. ನಿಮ್ಮ ಕಾವಲುಗಾರ ನಿಮ್ಮ ಹೆಸರಿನ ವಿಷಯ ಮಾತ್ರ ಹೇಳಲಿ. ದಾರಿಯಲ್ಲಿ ಹೋಗುವವರಿಗೆಲ್ಲ ಲೋಕದ ಹೆಸರುಗಳನ್ನು ಹುಡುಕಿಕೊಡುವ ಉಪಕಾರ ಬೇಡ. ಹಾಗೆ ಬಾಗಿಲು ತೆರೆದಿಟ್ಟ ಯಂತ್ರಗಳನ್ನು ದುಷ್ಟರು ಹುಡುಕಿ, ಬೇರೊಬ್ಬರ ವಿಳಾಸದಿಂದ ಬಂದಂತೆ ಸಣ್ಣ ಪ್ರಶ್ನೆ ಹಾಕಿ, ದೊಡ್ಡ ದೊಡ್ಡ ಉತ್ತರಗಳು ಆ ಬಡಪಾಯಿಯ ಮೇಲೆ ಮಳೆಗರೆಯುವಂತೆ ಮಾಡುವರು. ೨೦೧೩ರ ಮಾರ್ಚಿನಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಮೇಲೆ ನಡೆದ ದೊಡ್ಡ ದಾಳಿ ಇಂಥ ತೆರೆದ ಬಾಗಿಲುಗಳಿಂದಲೇ ಬಂದುದು.

ನನ್ನ ಮಿತ್ರರು ಈಗ ಮೈಸೂರಿನ ಒಬ್ಬರೊಡನೆ ಮುಯ್ಯಿ ಮಾಡಿಕೊಂಡಿದ್ದಾರೆ. ಏರ್ಪಾಟು ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೂರವಾಣಿಯಲ್ಲಿ ನನ್ನನ್ನು ಕರೆದು, “ಮೇಷ್ಟ್ರೇ, ಪೆಟ್ಟಿಗೆ ಆರಿಸಿದೀನಿ. ಹೊರಗಿನಿಂದ ನೀವೇ ಕೇಳಿ ನೋಡಿ” ಎಂದರು. ‘ಡಿಗ್’, ಎಂದರೆ ಅಗೆ, ಎಂಬ ಹೆಸರಿನ ಒಂದು ಪುಟ್ಟ ಆಜ್ಞೆಯಿದೆ. ಅದನ್ನು ಬರೆದು ಮೈಸೂರಿನ ಯಂತ್ರವನ್ನೇ ನೇರವಾಗಿ ಕೇಳಿದೆ. ನೆರೆಯ ಯಂತ್ರವನ್ನು ಕೇಳಿದರೆ ಅದು ಹಳೆಯ ನೆನಪಿನಿಂದ ಉತ್ತರಿಸಿ ನಮ್ಮನ್ನು ಮೋಸಗೊಳಿಸಬಹುದು. ತಾಣದ ಅಂಕಿ ಬಂತು. ಅಂಚೆ ಹೋಗಬೇಕಾದ ನಗರದ ವಿಳಾಸವೂ ಬಂತು. ತಾಣ ಮಾತ್ರ ತೆರೆಯಲಿಲ್ಲ. ಆ ವಿದ್ಯಾರ್ಥಿನಿಯ ವಿಳಾಸಕ್ಕೆ ಎರಡು ಸಾಲಿನ ಒಂದು ಕಾಗದ ಹಾಕಿದೆ. ಹತ್ತು ನಿಮಿಷದಲ್ಲಿ ಅವಳಿಂದ ಮರುಟಪಾಲು ಬಂತು: “ತಲುಪಿತು, ಸರ್.”